ಎತ್ತಿಡಬಹುದಾದ ಅಂಗಡಿ

ಕಟ್ಟಡ ವಿನ್ಯಾಸ ಓದಿ ಈಗ ತಾನೇ ಕೆಲಸಕ್ಕೆ ಸೇರಿದ ಮಕ್ಕಳು ಕೆಲವರು ಭಾನುವಾರ ನಮ್ಮ ಮನೆಗೆ ಬಂದು ಕೂರುತ್ತಾರೆ. ನೈರೋಬಿಯಲ್ಲೇ ಹುಟ್ಟಿ ಬೆಳೆದವರು. ನಾನು ಕನ್ನಡದಲ್ಲಿ ಕೇಳಿದರೆ ಇಂಗ್ಲಿಷಿನಲ್ಲಿ ಉತ್ತರ ಕೊಡುತ್ತಾರೆ. ಅವರಿಗೆ ಗೋಪುರದಂಥ ಕಟ್ಟಡಗಳ ಕಥೆ ಬೇಕು. ನಾನು ಅಂಥದ್ದೊಂದನ್ನೂ ಕಟ್ಟಿದವಳಲ್ಲ. ಬಸ್ ನಿಲ್ದಾಣದ ಬೆಂಚು, ಆಸ್ಪತ್ರೆಯ ಹೊರಗೆ ಸಾಲು ನಿಂತವರಿಗೊಂದು ನೆರಳು, ಮಾರುಕಟ್ಟೆಯಲ್ಲಿ ಕೈ ತೊಳೆಯುವ ತೊಟ್ಟಿ, ಕೊನೆಗೆ ಒಂದು ಪೆಟ್ಟಿಗೆ ಅಂಗಡಿ. ನನ್ನ ಕೆಲಸವೆಲ್ಲ ಇಷ್ಟೇ. ಆ ಮಕ್ಕಳಿಗೆ ಬಾಯಲ್ಲಿ ಹೇಳಿದ್ದನ್ನು ಕನ್ನಡ ಓದಬಲ್ಲ ಅವರ ವಾರಗೆಯವರಿಗೆ ಇಲ್ಲಿ ಬರೆಯುತ್ತಿದ್ದೇನೆ.

ನಾನು ಮೈಸೂರಿನವಳು. ಮದುವೆಯಾಗಿ ಇಲ್ಲಿಗೆ ಬಂದೆ. ನಮ್ಮವರು ಇಲ್ಲಿನ ಕಾಲೇಜೊಂದರಲ್ಲಿ ಗಣಿತ ಕಲಿಸುತ್ತಿದ್ದರು. ಲಂಗಾಟಾದಲ್ಲಿ ಮನೆ, ರಿವರ್‌ಸೈಡ್‌ನಲ್ಲಿ ನನ್ನ ಕಚೇರಿ. ಇಲ್ಲಿ ಹೆಂಗಸರನ್ನು ಮಕ್ಕಳ ಹೆಸರು ಹಿಡಿದು ಕರೆಯುವುದು ರೂಢಿ. ಮಗಳು ಅನಘಾ ಹುಟ್ಟಿದ ಮೇಲೆ ಕಚೇರಿಯಲ್ಲೂ ಬೀದಿಯಲ್ಲೂ ನಾನು ಮಾಮಾ ಅನಘಾ, ಎಂದರೆ ಅನಘಾಳ ಅಮ್ಮ, ಆದೆ. ನನ್ನ ಸ್ವಂತ ಹೆಸರು ಸಂಬಳದ ಚೀಟಿಯಲ್ಲಿ ಮಾತ್ರ ಉಳಿಯಿತು.

ಕಚೇರಿ ಶುರುಮಾಡಿದ ಹಿರಿಯರು ಮ್ವಾಂಗಿ ಎಂಬವರು. ಕುಳ್ಳಗಿನ ಮನುಷ್ಯ, ಮಾತು ಕಡಿಮೆ, ಒಳಗೆ ಕುಳಿತಾಗಲೂ ತಲೆಯ ಮೇಲೆ ಟೋಪಿ. ಮೊದಲ ವಾರದಲ್ಲೇ ನಾನು ಆಸ್ಪತ್ರೆಯ ನೆರಳಿನ ನಕ್ಷೆ ಬರೆದು ಅವರ ಮುಂದೆ ಹಿಡಿದೆ. ಕಂಬಗಳು ಮರದ ಕೊಂಬೆಗಳ ಹಾಗೆ ಕವಲೊಡೆದಿದ್ದವು. ಅದರ ಬಗ್ಗೆ ನನಗೆ ಬಹಳ ಹೆಮ್ಮೆಯಿತ್ತು. ಅವರು ಬೆಂಚಿನ ಕೆಳಗಿನ ಇಕ್ಕಟ್ಟಾದ ಸಂದಿಯ ಮೇಲೆ ಬೆರಳಿಟ್ಟು ಕೇಳಿದರು, “ಇದನ್ನು ಗುಡಿಸುವವರು ಯಾರು?”

ಗುಡಿಸುವವರೊಬ್ಬರು ಇರುತ್ತಾರೆ ಎಂಬುದೇ ನನ್ನ ನಕ್ಷೆಯಲ್ಲಿ ಇರಲಿಲ್ಲ. ಆಮೇಲೆ ಅಷ್ಟು ವರ್ಷ ನಾನು ಏನು ಬರೆದುಕೊಂಡು ಹೋದರೂ ಅವರ ಮೊದಲ ಪ್ರಶ್ನೆ ಅದೇ. ಬೈಗುಳ ತಿಂದಿದ್ದರೂ ನಾನು ಅಷ್ಟು ಕಲಿಯುತ್ತಿರಲಿಲ್ಲ.

ಕೆಲಸದ ರೀತಿಯೂ ನನ್ನ ಕಣ್ಣ ಮುಂದೆಯೇ ಬದಲಾಯಿತು. ನಾನು ಸೇರಿದಾಗ ಪಾರದರ್ಶಕ ಹಾಳೆಯ ಮೇಲೆ ಮಸಿ ಪೆನ್ನಿನಲ್ಲಿ ಬರೆಯುತ್ತಿದ್ದೆವು. ತಪ್ಪಾದರೆ ಬ್ಲೇಡಿನಿಂದ ಮೆಲ್ಲಗೆ ಕೆರೆಯಬೇಕು. ಆಮೇಲೆ ಕಂಪ್ಯೂಟರ್ ಬಂತು. ಪರದೆಯ ಮೇಲೆ ಎಲ್ಲವೂ ಚಂದ, ಎಲ್ಲದರ ಮೇಲೂ ಎಳೆ ಬಿಸಿಲು, ಮುಂದೆ ನಗುತ್ತ ನಡೆದು ಹೋಗುವ ಜನ. ಆ ಚಂದಕ್ಕೆ ಮರುಳಾಗಿ ಒಂದೆರಡು ಕಡೆ ಪೆಟ್ಟು ತಿಂದ ಮೇಲೆ, ಮ್ವಾಂಗಿ ನಮ್ಮನ್ನು ಮತ್ತೆ ಹಿಂದಕ್ಕೆ ಕರೆತಂದರು. ಕಚೇರಿಯ ಹಿತ್ತಲಿನಲ್ಲಿ ಸೀಮೆಸುಣ್ಣದಿಂದ ನಿಜವಾದ ಅಳತೆಯಲ್ಲಿ ಗೆರೆ ಎಳೆಯುವುದು, ರಟ್ಟಿನ ಗೋಡೆ ನಿಲ್ಲಿಸುವುದು, ಒಳಗೆ ನಿಂತು ತಿರುಗಿ ನೋಡುವುದು. ಹೊಸಬರಿಗೆ ನಾನು ಹೇಳುವುದೂ ಇದನ್ನೇ. ಮೊಣಕೈ ಗೋಡೆಗೆ ತಾಗುತ್ತದೆಯೇ ಎಂಬುದನ್ನು ಪರದೆ ಹೇಳುವುದಿಲ್ಲ.

ಪೆಟ್ಟಿಗೆ ಅಂಗಡಿಯ ಕೆಲಸ ಬಂದದ್ದು ನನ್ನ ನಿವೃತ್ತಿ ಹತ್ತಿರವಾದಾಗ. ನಮ್ಮ ಕಚೇರಿಯಿಂದ ಸ್ವಲ್ಪ ದೂರದಲ್ಲಿ, ಮಟಾಟು ಎಂಬ ಬಾಡಿಗೆ ವ್ಯಾನುಗಳು ನಿಲ್ಲುವ ಕಡೆ, ಅಗಲವಾದ ಕಾಲುದಾರಿಯಿದೆ. ಅಲ್ಲಿ ತಗಡಿನ ಗೂಡಂಗಡಿಗಳು ಏಳುವುದು, ಯಾರೋ ಬಂದು ಕೆಡವುವುದು, ಮತ್ತೆ ಏಳುವುದು ಮೊದಲಿನಿಂದ ನಡೆದುಕೊಂಡು ಬಂದಿತ್ತು. ಅದರ ಬದಲು ಒಂದು ಸಾಲು ಒಳ್ಳೆಯ ಅಂಗಡಿ ಮಾಡೋಣ ಎಂದು ನಗರದ ಕಚೇರಿಯವರು ನಮ್ಮನ್ನು ಕೇಳಿದರು. ಬಿಡಿಭಾಗಗಳಾಗಿ ಕಳಚಬೇಕು, ಬೇಕೆಂದಲ್ಲಿ ಜೋಡಿಸಬೇಕು, ಪರಿಸರಕ್ಕೆ ಭಾರವಾಗಬಾರದು. ತುಕ್ಕು ಹಿಡಿಯದ ಉಕ್ಕಿನ ಚೌಕಟ್ಟು, ಕಸದ ಪ್ಲಾಸ್ಟಿಕ್ ಕರಗಿಸಿ ಮಾಡಿದ ಹಲಗೆಯ ಗೋಡೆ, ಮಳೆನೀರು ಹಿಡಿಯುವ ಡ್ರಮ್ಮು, ಸಂಜೆಯ ದೀಪಕ್ಕೆ ಮಾಡಿನ ಮೇಲೆ ಸೌರಫಲಕ. ಎಲ್ಲವೂ ನಟ್ಟು ಬೋಲ್ಟಿನ ಜೋಡಣೆ. ನೆಲದ ಉಬ್ಬು ತಗ್ಗಿಗೆ ತಕ್ಕಂತೆ ತಿರುಗಿಸಿ ಎತ್ತರ ಮಾಡಬಹುದಾದ ನಾಲ್ಕು ಕಾಲು. ಯಾವ ಭಾಗವನ್ನೂ ನಾಲ್ಕು ಜನ ಸೇರಿದರೆ ಎತ್ತಬಹುದಿತ್ತು.

ಮೊದಲ ಮಾದರಿ ನಿಲ್ಲಿಸುವ ಜಾಗವನ್ನು ಮ್ವಾಂಗಿಯವರೇ ಆರಿಸಿದರು. ಪಕ್ಕದಲ್ಲಿ ದೊಡ್ಡ ಅಕೇಶಿಯಾ ಮರ. ಮರದ ತುದಿಯಲ್ಲಿ ಮರಬು ಕೊಕ್ಕರೆಗಳ ಗೂಡು. ಆಳೆತ್ತರದ ಹಕ್ಕಿಗಳು, ಬೋಳು ತಲೆ, ಕಪ್ಪು ಕೋಟು ತೊಟ್ಟ ಮುದುಕ ವಕೀಲರ ಹಾಗೆ ಕೊಂಬೆಯ ಮೇಲೆ ಸುಮ್ಮನೆ ನಿಂತಿರುತ್ತವೆ. ಒಂದು ವಾರದಲ್ಲಿ ದೀಪ ಉರಿಯುವುದು ನಿಂತಿತು. ಏಣಿ ಹಾಕಿ ಹತ್ತಿ ನೋಡಿದರೆ ಸೌರಫಲಕ ಸುಣ್ಣ ಬಳಿದ ಗೋಡೆಯಂತಿತ್ತು. ಮ್ವಾಂಗಿ ಬಹಳ ಹೊತ್ತು ತಲೆಯೆತ್ತಿ ಮರವನ್ನೇ ನೋಡಿದರು. ಆಮೇಲೆ ಟೋಪಿ ಸರಿಮಾಡಿಕೊಂಡು ತಮ್ಮಷ್ಟಕ್ಕೆ ಹೇಳಿಕೊಂಡರು, “ಇದನ್ನು ಗುಡಿಸುವವರು ಯಾರು?” ಅವರು ಬಾಯಿ ತುಂಬ ನಕ್ಕಿದ್ದನ್ನು ನಾನು ನೋಡಿದ್ದು ಆ ದಿನ ಮಾತ್ರ.

ಎರಡನೆಯ ಎಡವಟ್ಟು ಹಲಗೆಯದು. ಮರಕ್ಕೆ ಬಿಡುವಷ್ಟೇ ಸಂದು ಬಿಟ್ಟು ನಾವು ಬಾಗಿಲು ಕೂರಿಸಿದ್ದೆವು. ಪ್ಲಾಸ್ಟಿಕ್ ಬಿಸಿಲಿಗೆ ಮರಕ್ಕಿಂತ ಹೆಚ್ಚು ಹಿಗ್ಗುತ್ತದೆ. ನಗರದ ಕಚೇರಿಯಿಂದ ನಮ್ಮ ಕೆಲಸ ನೋಡಿಕೊಳ್ಳುತ್ತಿದ್ದವರು ಕಮಾವು ಎಂಬ ತರುಣ ಅಧಿಕಾರಿ. ಅವರು ನೋಡಲು ಬಂದದ್ದು ನಡುಮಧ್ಯಾಹ್ನ. ಬಾಗಿಲು ಎಳೆದರು, ಬರಲಿಲ್ಲ. ಕಾಲು ಊರಿ ಇನ್ನೊಮ್ಮೆ ಎಳೆದರು. ಹಿಡಿಕೆ ಕೈಗೆ ಬಂತು. ಅವರು ಹಿಡಿಕೆಯನ್ನು ನನ್ನ ಕೈಯಲ್ಲಿಟ್ಟು, “ಮಾಮಾ ಅನಘಾ, ಕಳ್ಳರಿಂದ ಭದ್ರ. ಒಡೆಯರಿಂದಲೂ ಭದ್ರ,” ಎಂದರು. ಅವರೊಂದಿಗೆ ಸ್ನೇಹವಾದದ್ದು ಆ ಹಿಡಿಕೆಯಿಂದ.

ಇವೆಲ್ಲ ಸರಿಮಾಡಬಹುದಾದ ತಪ್ಪುಗಳು. ಫಲಕವನ್ನು ಮರದಿಂದ ದೂರ ಮಾಡಿದೆವು, ಸಂದು ಹೆಚ್ಚಿಸಿದೆವು. ನಿಜವಾದ ಕಷ್ಟ ಶುರುವಾದದ್ದು, ಅಂಗಡಿ ಸಿಗಬೇಕಾದವರನ್ನೆಲ್ಲ ಕೂರಿಸಿಕೊಂಡು ನಾನು ಮಾದರಿ ತೋರಿಸಿದ ದಿನ.

ಅದೇ ಕಾಲುದಾರಿಯ ಮೇಲೆ ಶಾಮಿಯಾನ ಹಾಕಿ ಸಭೆ ಕರೆದಿದ್ದೆವು. ಹಣ್ಣು ಮಾರುವವರು, ಫೋನು ರಿಪೇರಿಯವರು, ಪತ್ರಿಕೆ ಮಾರುವವರು ಬಂದಿದ್ದರು. ಮುಂದಿನ ಸಾಲಿನಲ್ಲಿ ಮಾಮಾ ಬ್ರಯನ್ ಕುಳಿತಿದ್ದಳು. ಚಹಾ ಮತ್ತು ಮಂದಾಝಿ ಮಾರುವವಳು. ಮಂದಾಝಿ ಎಂದರೆ ಎಣ್ಣೆಯಲ್ಲಿ ಕರಿದ ಸಿಹಿ ಬನ್ನು. ನನಗಿಂತ ವಯಸ್ಸಿನಲ್ಲಿ ಚಿಕ್ಕವಳು, ದನಿ ದೊಡ್ಡದು. ನಾನು ಉತ್ಸಾಹದಿಂದ ಒಂದು ಕಾಲನ್ನು ತಿರುಗಿಸಿ ತೋರಿಸಿ, “ನೆಲ ಅಗೆಯಬೇಕಿಲ್ಲ, ಸಿಮೆಂಟು ಬೇಕಿಲ್ಲ. ಅರ್ಧ ದಿನದಲ್ಲಿ ಇಡೀ ಅಂಗಡಿಯನ್ನು ಎತ್ತಿ ಬೇರೆ ಕಡೆ ಇಡಬಹುದು,” ಎಂದೆ.

ನಾನು ಚಪ್ಪಾಳೆ ನಿರೀಕ್ಷಿಸಿದ್ದೆನೇನೋ.

“ಎತ್ತುವುದು ಸುಲಭ,” ಎಂದಳು ಮಾಮಾ ಬ್ರಯನ್. “ಯಾರಿಗೆ ಸುಲಭ?”

“ಎಲ್ಲರಿಗೂ,” ಎಂದೆ ನಾನು.

“ಹೌದು. ಅವರಿಗೂ.”

ಅವಳ ಹಿಂದಿನ ತಗಡಿನ ಅಂಗಡಿಯನ್ನು ನಗರದ ಕಾವಲಿನವರು ಒಂದು ಬೆಳಿಗ್ಗೆ ಕೆಡವಿದ್ದರಂತೆ. ಒಲೆಯ ಮೇಲೆ ಹಾಲು ಕಾಯುತ್ತಿತ್ತು. ಸೊಂಟಕ್ಕೆ ಸುತ್ತಿದ ಬಟ್ಟೆಯಿಂದ ಪಾತ್ರೆ ಹಿಡಿದುಕೊಂಡು ರಸ್ತೆ ದಾಟಿದಳಂತೆ. ಅದನ್ನೆಲ್ಲ ಅವಳು ಅಳುತ್ತ ಹೇಳಲಿಲ್ಲ. ಊಟದ ವಿಷಯ ಹೇಳುವ ಹಾಗೆ ಹೇಳಿದಳು. ಕಡೆಗೆ, “ಗಟ್ಟಿ ಕಟ್ಟಿದ್ದನ್ನು ಕೆಡವಲು ಅವರಿಗೆ ಸ್ವಲ್ಪವಾದರೂ ನಾಚಿಕೆ ಆಗುತ್ತದೆ. ಇದನ್ನು ಎತ್ತಲು ನಾಚಿಕೆಯೂ ಬೇಡ,” ಎಂದಳು.

ಅಂಗಡಿ ಕಳಚಬಾರದು ಎಂದು ಅವಳ ವಾದ. ಕಳಚದಿದ್ದರೆ ಕಾಲುದಾರಿಯ ಮೇಲೆ ಅದಕ್ಕೆ ಪರವಾನಗಿಯೇ ಇಲ್ಲ ಎಂದು ನಗರದ ನಿಯಮ. ಆ ದಿನ ನಾನು ನಿಯಮ ಹೇಳಿ ಬಾಯಿ ಮುಚ್ಚಿಸಿದೆ. ಅಂಗಡಿಗಳು ನಿಂತವು. ಚೆನ್ನಾಗಿಯೇ ಇದ್ದವು. ಹಸಿರು ಮತ್ತು ಹಳದಿ ಹಲಗೆಗಳ ಸಾಲು ನೋಡಿ ಜನ ಫೋಟೋ ತೆಗೆದುಕೊಂಡರು.

ಕೆಲವು ವಾರಗಳ ಮೇಲೆ ಕಮಾವು ಫೋನು ಮಾಡಿದರು. ಹೋಗಿ ನೋಡಿದರೆ, ಮಾಮಾ ಬ್ರಯನಳ ಅಂಗಡಿಯ ನಾಲ್ಕೂ ಕಾಲುಗಳ ಸುತ್ತ ಕಾಂಕ್ರೀಟು ಸುರಿದಿತ್ತು. ಒಣಗಿ ಕಲ್ಲಾಗಿತ್ತು. ಅವಳು ಏನೂ ಆಗಿಲ್ಲವೆಂಬಂತೆ ಚಹಾ ಸೋಸುತ್ತಿದ್ದಳು.

“ಇದು ಈಗ ಶಾಶ್ವತ ಕಟ್ಟಡ,” ಎಂದರು ಕಮಾವು. “ಒಡೆಯದಿದ್ದರೆ ಇವರ ಪರವಾನಗಿ ಹೋಗುತ್ತದೆ. ಇವರೊಬ್ಬರದಲ್ಲ, ಇಡೀ ಸಾಲಿನದು. ನನ್ನ ಮೇಲಿನವರು ಆಗಲೇ ಕೇಳುತ್ತಿದ್ದಾರೆ.”

“ಒಡೆದರೆ ನಾನೇ ಎದುರಿಗೆ ನಿಲ್ಲುತ್ತೇನೆ,” ಎಂದಳು ಅವಳು, ಸೋಸುವುದನ್ನು ನಿಲ್ಲಿಸದೆ.

ಕಚೇರಿಗೆ ಬಂದು ಮ್ವಾಂಗಿಯವರ ಮುಂದೆ ಕುಳಿತೆ. ಅವಳ ಮೇಲೆ ಸಿಟ್ಟಿತ್ತು, ಹೇಳಿಕೊಂಡೆ. ಅವರು ಪೂರ್ತಿ ಕೇಳಿ, “ಅವಳಿಗೆ ಬೇಕಾದದ್ದು ಸಿಮೆಂಟೇನು?” ಎಂದರು.

“ಅಲ್ಲ. ನಾಳೆಯೂ ಅದೇ ಜಾಗದಲ್ಲಿ ಇರುತ್ತೇನೆ ಅನ್ನುವ ಧೈರ್ಯ.”

“ಹಾಗಾದರೆ ಅದನ್ನು ಬೇರೆ ಯಾವುದರಿಂದ ಮಾಡಬಹುದು, ಯೋಚಿಸು.”

ಅಂಗಡಿ ಕಳಚಲಿ, ಜಾಗ ಕಳಚದಿರಲಿ. ನಾನು ಹಿಡಿದ ದಾರಿ ಇದು. ಪ್ರತಿ ಅಂಗಡಿಯ ಮುಂದೆ, ಕಾಲುದಾರಿಯ ಕಲ್ಲಿನೊಳಗೆ, ಅಂಗೈಯಗಲದ ಒಂದು ಹಿತ್ತಾಳೆ ತಟ್ಟೆ ಕೂರಿಸುವುದು. ಅದರ ಮೇಲೆ ಒಂದು ಸಂಖ್ಯೆ. ಪರವಾನಗಿ ಪೆಟ್ಟಿಗೆಗಲ್ಲ, ಆ ಸಂಖ್ಯೆಯ ಜಾಗಕ್ಕೆ. ಪೆಟ್ಟಿಗೆ ರಿಪೇರಿಗೆ ಹೋದರೂ, ಹಳೆಯದಾಗಿ ಹೊಸದು ಬಂದರೂ, ಜಾಗ ಅವಳದೇ. ನನ್ನ ನಕ್ಷೆಗಳಲ್ಲೆಲ್ಲ ಇಷ್ಟು ಸಣ್ಣ ನಕ್ಷೆ ಇನ್ನೊಂದಿಲ್ಲ. ಇದರಷ್ಟು ಓಡಾಡಿಸಿದ್ದೂ ಇನ್ನೊಂದಿಲ್ಲ. ಕಾಲುದಾರಿಯ ಜಾಗವನ್ನು ಯಾರ ಹೆಸರಿಗೂ ಕೊಡುವ ಪದ್ಧತಿ ಇರಲಿಲ್ಲ. ಒಂದು ಕೊಠಡಿಯಿಂದ ಇನ್ನೊಂದು ಕೊಠಡಿಗೆ ಅಲೆದೆ. ಕಮಾವು ತಮ್ಮ ಮೇಲಿನವರ ಜೊತೆ ನನಗೋಸ್ಕರ ಮಾತಿಗೆ ಮಾತು ಕೊಟ್ಟರು. ಒಂದೇ ಸಾಲಿಗೆ, ಪ್ರಯೋಗಕ್ಕೆಂದು, ಅನುಮತಿ ಸಿಕ್ಕಿತು.

ಮಾಮಾ ಬ್ರಯನ್ ಒಂದು ಷರತ್ತು ಹಾಕಿದಳು. ಮೊದಲು ತಟ್ಟೆ ನೆಲಕ್ಕೆ ಕೂರಬೇಕು, ಆಮೇಲೆ ಕಾಂಕ್ರೀಟು ಒಡೆಯಬೇಕು. ಹಾಗೆಯೇ ಮಾಡಿದೆವು. ತಟ್ಟೆಯ ಮೇಲೆ ಅವಳು ಎರಡೂ ಕಾಲಿಟ್ಟು ನಿಂತು ನೋಡಿದಳು. “ಸವಾ,” ಎಂದಳು. ಆಗಲಿ ಎಂದರ್ಥ. ಆಮೇಲೆ ಕೆಲಸದವರು ಉಳಿ ಸುತ್ತಿಗೆ ಹಿಡಿದರು.

ಇಲ್ಲಿಗೆ ಮುಗಿದಿದ್ದರೆ ನಾನು ಇದನ್ನು ಬರೆಯುತ್ತಿರಲಿಲ್ಲ.

ಮಾರನೆಯ ವರ್ಷ ಆ ರಸ್ತೆಯ ಕೆಳಗಿನ ಹಳೆಯ ನೀರಿನ ಕೊಳವೆ ಬದಲಾಯಿಸಲು ಇಡೀ ಕಾಲುದಾರಿ ಅಗೆಯಬೇಕಾಯಿತು. ಅಂಗಡಿಗಳನ್ನು ಕಳಚಿ ನಗರದ ಉಗ್ರಾಣದ ಅಂಗಳಕ್ಕೆ ಸಾಗಿಸಿದೆವು. ನನ್ನ ಲೆಕ್ಕದ ಪ್ರಕಾರ ಅರ್ಧ ದಿನದಲ್ಲೇ ಎಲ್ಲ ಕಳಚಿತು. ಆದರೆ ಅದನ್ನು ನೋಡಿ ಸಂತೋಷಪಡುವ ಸ್ಥಿತಿಯಲ್ಲಿ ನಾನಿರಲಿಲ್ಲ. ಮಾಮಾ ಬ್ರಯನ್ ಲಾರಿಯ ಹಿಂದೆ ನಿಂತು ತನ್ನ ಹಳದಿ ಹಲಗೆಗಳು ಹೋಗುವುದನ್ನು ನೋಡುತ್ತಿದ್ದಳು.

“ಕೊಳವೆ ಮುಗಿದ ಕೂಡಲೇ ವಾಪಸ್ ಬರುತ್ತದೆ,” ಎಂದೆ.

“ನೀನು ಹೇಳುತ್ತಿದ್ದೀಯ ಎಂದು ಒಪ್ಪಿದೆ,” ಎಂದಳು.

ಆ ಮಾತು ನನ್ನ ಎದೆಯ ಮೇಲೆ ಕುಳಿತುಬಿಟ್ಟಿತು. ಕೆಲಸ ಎಳೆಯಿತು. ಮಳೆಗಾಲ ಬಂದು ಹೋಯಿತು. ಅವಳು ಬಕೆಟ್ಟಿನಲ್ಲಿ ಮಂದಾಝಿ ಇಟ್ಟುಕೊಂಡು ಒಂದು ಆಸ್ಪತ್ರೆಯ ಗೇಟಿನ ಹೊರಗೆ ಮಾರುತ್ತಿದ್ದಳು. ಕಾವಲಿನವರು ಬಂದರೆ ಬಕೆಟ್ಟು ಎತ್ತಿಕೊಂಡು ಓಟ. ಅದು ನನಗೆ ಗೊತ್ತಾದದ್ದು ಅವಳೇ ಫೋನು ಮಾಡಿದಾಗ. “ಹೊಸ ಕಲ್ಲು ಹಾಕಿದ್ದಾರೆ. ನನ್ನ ನಂಬರು ಎಲ್ಲಿ?” ಎಂದು ಮಾತ್ರ ಕೇಳಿದಳು.

ಹೋಗಿ ನೋಡಿದೆ. ಕಾಲುದಾರಿ ಕನ್ನಡಿಯಂತಿತ್ತು. ತಟ್ಟೆಗಳಿರಲಿಲ್ಲ. ಅಂಗಡಿಗಳಿದ್ದ ಜಾಗದುದ್ದಕ್ಕೂ ಸೊಂಟದೆತ್ತರದ ಕಾಂಕ್ರೀಟಿನ ಹೂಕುಂಡಗಳು, ಕೆಂಪು ಹೂ ತುಂಬಿಕೊಂಡು ನಿಂತಿದ್ದವು. ರಸ್ತೆ ಅಂದಗೊಳಿಸುವ ಒಂದು ಸಮಿತಿ ನಡುವೆ ಹುಟ್ಟಿಕೊಂಡಿತ್ತಂತೆ. ಅವರಿಗೆ ನಮ್ಮ ಸಾಲಿನ ವಿಷಯವೇ ಗೊತ್ತಿರಲಿಲ್ಲವಂತೆ. ಕಮಾವು ಸಮಿತಿಯವರ ಬಳಿ ಹೋಗಿ ಪರವಾನಗಿ ತೋರಿಸಿದರು. ಅವರು ಹೂವು ತೋರಿಸಿದರು. ಮುಂದಿನ ಸಭೆಯಲ್ಲಿ ನೋಡೋಣ ಎಂದರು. ಮುಂದಿನ ಸಭೆ ಎಂದೆಂಬುದು ಯಾರಿಗೂ ಗೊತ್ತಿರಲಿಲ್ಲ.

ನನ್ನ ನಿವೃತ್ತಿಯ ದಿನ ಬಂತು. ಕೇಕು ಕತ್ತರಿಸಿದರು, ಮ್ವಾಂಗಿ ಎರಡು ಮಾತಾಡಿದರು. ಮಾರನೆಯ ದಿನ ನಾನು ಮತ್ತೆ ಕಚೇರಿಗೆ ಹೋಗಿ ನನ್ನ ಮೇಜಿನ ಮುಂದೆ ಕುಳಿತೆ. ಯಾರೂ ಯಾಕೆ ಎಂದು ಕೇಳಲಿಲ್ಲ. ಮನೆಯಲ್ಲಿ ಮಾತ್ರ ಕೇಳಿದರು.

“ರಿಟೈರ್ ಆದ್ಮೇಲೂ ಆಫೀಸಾ?” ಎಂದರು ನಮ್ಮವರು. “ರಾತ್ರಿಯೆಲ್ಲ ಹೊರಳಾಡ್ತಾ ಇರ್ತೀಯ. ನಿನ್ನ ಬಿಪಿ ನೋಡ್ಕೊಂಡಿದೀಯಾ?”

“ನಾನು ಮಾತು ಕೊಟ್ಟಿದೀನಿ, ರೀ. ಅವಳು ಸಿಮೆಂಟ್ ಒಡೆಯೋಕೆ ಬಿಟ್ಟಿದ್ದು ನನ್ನ ಮಾತಿಗೆ.”

“ಸಿಟಿಯೋರು ಮಾಡಿದ್ದಕ್ಕೆ ನೀನೇನ್ ಮಾಡೋಕಾಗತ್ತೆ?”

“ಗೊತ್ತಿಲ್ಲ. ಅದಕ್ಕೇ ನಿದ್ದೆ ಬರ್ತಿಲ್ಲ.”

ಅವರು ನನ್ನ ಊಟದ ಡಬ್ಬಿಗೆ ಚಿತ್ರಾನ್ನ ತುಂಬಿದರು.

ಸಹಾಯ ಬಂದದ್ದು ನೆಲದ ಕೆಳಗಿನಿಂದ. ಹೊಸ ಕೊಳವೆಯ ಒಂದು ಬೆಸುಗೆ ಸರಿಯಾಗಿ ಕೂತಿರಲಿಲ್ಲ. ಹೂಕುಂಡಗಳ ಬುಡದಲ್ಲಿ ನೀರು ಜಿನುಗಿತು, ಆಮೇಲೆ ಹರಿಯಿತು. ಕೊಳವೆಯ ವಾಲ್ವು ತಿರುಗಿಸಲು ಇಳಿಯುವ ಗುಂಡಿಗಳ ಮುಚ್ಚಳಗಳ ಮೇಲೆಯೇ ಕುಂಡಗಳು ಕುಳಿತಿದ್ದವು. ಮಣ್ಣು ತುಂಬಿದ ಕಾಂಕ್ರೀಟು ಕುಂಡವನ್ನು ಕೈಯಲ್ಲಿ ಎತ್ತುವವರುಂಟೇ? ಕ್ರೇನ್ ತರಿಸಿದರು. ಕ್ರೇನ್ ನಿಂತ ಕಾರಣಕ್ಕೆ ಮಟಾಟುಗಳು ನಿಂತವು, ಮಟಾಟುಗಳ ಹಿಂದೆ ಊರೇ ನಿಂತಿತು. ನೀರಿನ ಇಲಾಖೆಯ ಎಂಜಿನಿಯರು ಮೊಣಕಾಲುದ್ದ ನೀರಿನಲ್ಲಿ ನಿಂತು, ಈ ಕೊಳವೆಯ ಮೇಲೆ ಬೇಕೆಂದಾಗ ಸರಿಸಲಾಗದ ಯಾವುದನ್ನೂ ಇನ್ನು ಇಡಬೇಡಿ ಎಂದು ಎಲ್ಲರೆದುರು ಕೂಗಾಡಿದರಂತೆ.

ಆ ಮಧ್ಯಾಹ್ನ ಕಮಾವು ಫೋನು ಮಾಡಿದರು. ಹಿಂದೆ ಹಾರನ್ನುಗಳ ಗದ್ದಲ.

“ಮಾಮಾ ಅನಘಾ, ನಿಮ್ಮ ಪೆಟ್ಟಿಗೆಯನ್ನು ಎತ್ತಲು ಎಷ್ಟು ಜನ ಬೇಕು?”

“ನಾಲ್ಕು.”

“ಕ್ರೇನ್?”

“ಬೇಡ.”

“ಇದನ್ನು ಎಂಜಿನಿಯರ್ ಎದುರಿಗೆ ಬಂದು ಹೇಳುತ್ತೀರಾ? ಈಗಲೇ?”

ಮ್ವಾಂಗಿ ನನ್ನ ಜೊತೆಗೆ ಬಂದರು. ನಡೆದೇ ಹೋದೆವು, ರಸ್ತೆಯಲ್ಲಿ ಕಾರು ಹೋಗುವಂತಿರಲಿಲ್ಲ. ಪ್ಯಾಂಟು ಮಡಚಿಕೊಂಡಿದ್ದ ಎಂಜಿನಿಯರ್‌ಗೆ ನಾನು ನಕ್ಷೆ ಬಿಡಿಸಿ ತೋರಿಸಿದೆ. ಅಂಗಡಿಗಳ ಕಾಲುಗಳು ಎಲ್ಲಿ ಊರುತ್ತವೆ, ಮುಚ್ಚಳಗಳು ಎಲ್ಲಿ ತೆರವಾಗಿರುತ್ತವೆ, ಒಂದು ಗೋಡೆ ಬಿಚ್ಚಿದರೆ ಹೇಗೆ ಒಳಗಿಳಿಯಬಹುದು. ಅವರು ಒಂದೇ ಪ್ರಶ್ನೆ ಕೇಳಿದರು. “ನನಗೆ ಬೇಕಾದಾಗ ತೆಗೆಯುತ್ತಾರೆಯೇ?”

“ತೆಗೆಯುತ್ತಾರೆ,” ಎಂದೆ. “ನಿಮ್ಮ ಕೆಲಸ ಮುಗಿದ ಮೇಲೆ ಅದೇ ಜಾಗಕ್ಕೆ ವಾಪಸ್ ಇಡಲು ನೀವು ಬಿಡುವುದಾದರೆ. ಅದನ್ನು ಬರೆದು ಕೊಡಬೇಕು.”

ಅವರು ಕಮಾವು ಕಡೆ ನೋಡಿದರು. ಕಮಾವು ಹೂಕುಂಡಗಳ ಕಡೆ ನೋಡಿದರು. “ಬರೆದು ಕೊಡೋಣ,” ಎಂದರು ಎಂಜಿನಿಯರ್. ಸಮಿತಿಯವರಿಗೆ ಆಮೇಲೆ ಹೆಚ್ಚು ಮಾತಿರಲಿಲ್ಲ. ಕುಂಡಗಳು ಒಂದು ಉದ್ಯಾನವನಕ್ಕೆ ಹೋದವು. ಅಲ್ಲಿ ಚೆನ್ನಾಗಿಯೇ ಕಾಣುತ್ತವೆ.

ಅಂಗಡಿಗಳು ಮರಳಿದ ದಿನ ನಾನು ಬೆಳಿಗ್ಗೆಯೇ ಅಲ್ಲಿದ್ದೆ. ಉಗ್ರಾಣದ ಅಂಗಳದಲ್ಲಿ ಬಿದ್ದು ಕೆಲವು ಹಲಗೆ ಬಣ್ಣ ಕಳೆದುಕೊಂಡಿದ್ದವು. ಒಂದು ಫಲಕ ಒಡೆದಿತ್ತು. ಮೊದಲು ಹೊಸ ತಟ್ಟೆಗಳನ್ನು ಕಲ್ಲಿನಲ್ಲಿ ಕೂರಿಸಿದರು, ಆಮೇಲೆ ಚೌಕಟ್ಟು, ಗೋಡೆ, ಮಾಡು. ಮಾಮಾ ಬ್ರಯನ್ ಯಾರನ್ನೂ ಕಾಯಲಿಲ್ಲ. ತನ್ನ ಬಾಗಿಲನ್ನು ತಾನೇ ಕೂರಿಸಿದಳು. ಕಾಲುಗಳನ್ನು ತಿರುಗಿಸಿ ಮಟ್ಟ ಮಾಡಿಕೊಂಡಳು. ಒಲೆ ಹೊತ್ತಿತು. ಮೊದಲ ಚಹಾ ನನಗೆ ಬಂತು, ಎರಡನೆಯದು ಮ್ವಾಂಗಿಯವರಿಗೆ.

“ಸಿಮೆಂಟು ಹಾಕಿದ್ದರೆ,” ಎಂದಳು ಅವಳು, ಕೈ ಒರೆಸಿಕೊಳ್ಳುತ್ತ, “ಅಗೆಯುವಾಗ ಒಡೆದು ಹಾಕುತ್ತಿದ್ದರು.”

“ಹೌದು,” ಎಂದೆ.

“ಆದರೂ ನಿನ್ನ ಮೇಲೆ ಸಿಟ್ಟಿತ್ತು. ಬಹಳ.”

“ನನಗೆ ಗೊತ್ತು.”

“ಈಗಿಲ್ಲ,” ಎಂದು ಹೇಳಿ, ಕಾಯುತ್ತಿದ್ದ ಮಟಾಟು ಡ್ರೈವರ್‌ಗೆ ಮಂದಾಝಿ ಕಟ್ಟಲು ತಿರುಗಿದಳು.

ನಾನು ಕಚೇರಿಗೆ ಹೋಗಿ ಮೇಜು ಖಾಲಿ ಮಾಡಿದೆ. ಮ್ವಾಂಗಿ ಬಾಗಿಲವರೆಗೆ ಬಂದು ಟೋಪಿ ತೆಗೆದರು. ಅವರ ತಲೆ ಪೂರ್ತಿ ಬೋಳು ಎಂಬುದು ನನಗೆ ಅಲ್ಲಿಯವರೆಗೆ ಗೊತ್ತಿರಲಿಲ್ಲ. “ಅಸಾಂಟೆ,” ಎಂದರು, ಧನ್ಯವಾದ ಎಂದು. ನಾನೂ ಅದನ್ನೇ ಹೇಳಿದೆ.

ಲಂಗಾಟಾ ಕಡೆ ಹೋಗುವ ಮಟಾಟು ಹತ್ತಿ ಕಿಟಕಿಯ ಪಕ್ಕ ಕುಳಿತೆ. ಮಧ್ಯಾಹ್ನದ ಬಿಸಿಲು ತೊಡೆಯ ಮೇಲೆ ಬಿದ್ದಿತ್ತು. ಹಾಡು ಜೋರಾಗಿತ್ತು. ಅಷ್ಟೇ ನೆನಪು. ಯಾರೋ ಭುಜ ತಟ್ಟಿದಾಗ ಕಣ್ಣು ಬಿಟ್ಟೆ. ಗಾಡಿ ಖಾಲಿಯಾಗಿತ್ತು. ಕಂಡಕ್ಟರ್ ಬಗ್ಗಿ, “ಮಾಮಾ, ಮ್ವಿಶೊ,” ಎನ್ನುತ್ತಿದ್ದ. ಕೊನೆಯ ನಿಲ್ದಾಣ, ಇಳಿಯಿರಿ ಎಂದು. ನನ್ನ ಮನೆ ದಾಟಿ ಎಷ್ಟೋ ದೂರ ಬಂದುಬಿಟ್ಟಿದ್ದೆ. ಇಳಿದು ಒಂದು ಮೋಟುಗೋಡೆಯ ಮೇಲೆ ಕುಳಿತು ಮನೆಗೆ ಫೋನು ಮಾಡಿದೆ.

“ಎಲ್ಲಿದೀಯ?” ಎಂದರು ನಮ್ಮವರು.

“ಲಾಸ್ಟ್ ಸ್ಟಾಪಲ್ಲಿ. ನಿದ್ದೆ ಬಂದ್ಬಿಡ್ತು, ರೀ.”

“ಅಂಗಡಿ ಬಂತಾ?” ಎಂದರು ಅವರು.

“ಬಂತು.”

“ಹಾಗಾದ್ರೆ ಅಲ್ಲೇ ಕೂತಿರು. ನಾನು ಕಾರ್ ತಗೊಂಡು ಬರ್ತೀನಿ. ಬರೋವಾಗ ಹಿಂದಿನ ಸೀಟಲ್ಲಿ ಮಲ್ಕೊ.”